ತಾತನ ಕಲ್ಲಿಗೆ ನೀರು

ನನ್ನ ಮಿಣಮಿಣ ಕೋಟಿನ ಎಡಗಡೆ, ಸರಿಯಾಗಿ ಹೃದಯ ಇರಬೇಕಾದ ಜಾಗದಲ್ಲಿ, ಒಂದು ತೂತಿದೆ. ಪ್ರೇಮಭಂಗದ್ದಲ್ಲ, ಗಾಬರಿಯಾಗಬೇಡಿ, ನನ್ನನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡ ಹುಡುಗಿ ಇನ್ನೂ ಹುಟ್ಟಿಲ್ಲ. ರಾಮನಗರದಲ್ಲಿ ಒಂದು ರಿಸೆಪ್ಷನ್‌ಗೆ ಮಿಮಿಕ್ರಿ ಒಪ್ಪಿಕೊಂಡಿದ್ದೆ. ಕೋಟನ್ನು ಚನ್ನಪಟ್ಟಣದ ಇಸ್ತ್ರಿ ಗಾಡಿಯವನಿಗೆ ಕೊಟ್ಟೆ. ಅವನ ಪೆಟ್ಟಿಗೆಯಿಂದ ಇದ್ದಿಲಿನ ಕಿಡಿಯೊಂದು ಸಿಡಿದು ಕೋಟಿನ ಮೇಲೆ ಕೂತು, ಆರಾಮವಾಗಿ ಒಳಕ್ಕಿಳಿಯಿತು.

“ಏನಣ್ಣಾ ಇದು!” ಎಂದು ಕೂಗಿಕೊಂಡೆ.

“ಇಷ್ಟೊಂದು ಮಿಂಚೋ ಕೋಟಲ್ಲಿ ಒಂದ್ ತೂತು ಯಾರಿಗ್ ಕಾಣ್ತದೆ ಬುಡಪ್ಪ. ಮೊಕ ನೋಡಿದ್ರೇನೆ ಜನ ಎದ್ದೋಗ್ತಾರೆ, ಕೋಟ್‌ಗಂಟ ಎಲ್ಲಿ ಬತ್ತಾರೆ?”

ತಮಾಷೆ ಮಾಡಿ ಬದುಕುವವನಿಗೆ ಊರಿನವರೆಲ್ಲ ಪುಕ್ಕಟೆ ತಮಾಷೆ ಮಾಡುತ್ತಾರೆ. ಆದರೆ ನನ್ನ ಚಿಂತೆ ತೂತಿನದ್ದಾಗಿರಲಿಲ್ಲ, ವಾಸನೆಯದ್ದು. ಇದ್ದಿಲ ವಾಸನೆ ಹೊತ್ತು ಬೈರಾಪಟ್ಟಣದ ನಮ್ಮ ಮನೆ ಹೊಸ್ತಿಲು ದಾಟುವ ಹಾಗಿರಲಿಲ್ಲ. ಒಳಗೆ ಅಜ್ಜಿ ಇದ್ದಳು.

ನಮ್ಮ ಮನೆಯಲ್ಲಿ ಇದ್ದಿಲಿಗೆ ಪ್ರವೇಶವಿಲ್ಲ. ಓಣಿಯವರೆಲ್ಲ ಇದ್ದಿಲ ಪುಡಿಯಲ್ಲಿ ಹಲ್ಲುಜ್ಜುತ್ತಿದ್ದ ಕಾಲದಲ್ಲೂ ನಮಗೆ ಬೇವಿನ ಕಡ್ಡಿ. ಚಿಕ್ಕವನಿದ್ದಾಗ ಒಮ್ಮೆ ಪಕ್ಕದ ಮನೆಯವರ ಜೊತೆ ಸೇರಿ ಇದ್ದಿಲು ಅಗಿದು, ಕಪ್ಪು ಬಾಯಿ ಕಿಸಿದುಕೊಂಡು ಭೂತದ ವೇಷ ಹಾಕಿ ಮನೆಗೆ ಬಂದೆ. ಅಜ್ಜಿ ಹೆದರಬೇಕಿತ್ತು. ಹೆದರಿದಳು ಕೂಡ, ಆದರೆ ನಾನೆಣಿಸಿದ ಹಾಗಲ್ಲ. ಕೆನ್ನೆಗೆ ಒಂದು ಬಾರಿಸಿ, ರಟ್ಟೆ ಹಿಡಿದು ತೊಟ್ಟಿಯ ಹತ್ತಿರ ಎಳೆದುಕೊಂಡು ಹೋಗಿ, ಚೆಂಬಿನ ಮೇಲೆ ಚೆಂಬು ನೀರು ಹುಯ್ದು ಬಾಯಿ ತೊಳೆದಳು. ನನ್ನ ಹಲ್ಲು ಬೆಳ್ಳಗಾದ ಮೇಲೂ ಹುಯ್ಯುತ್ತಲೇ ಇದ್ದಳು. ಅಮ್ಮ ಬಂದು ಬಿಡಿಸಿಕೊಳ್ಳದಿದ್ದರೆ ಬಹುಶಃ ಚರ್ಮವನ್ನೂ ಬೆಳ್ಳಗೆ ಮಾಡುತ್ತಿದ್ದಳು. ಸಿನಿಮಾದಲ್ಲೇ ಚಾನ್ಸು ಸಿಗುತ್ತಿತ್ತು.

ಕಾರಣ ನಮ್ಮ ತಾತ. ಅವನು ಕನಕಪುರದ ಕಡೆ ಬಂಡೆ ಒಡೆಯುವ ಕೆಲಸದಲ್ಲಿದ್ದ. ಕಲ್ಲಿಗೆ ಕುಳಿ ಹೊಡೆಯುವ ಗಟ್ಟಿ ಕೈಗಳು ಬೇಕೆಂದು ಯಾರೋ ಮೇಸ್ತ್ರಿ ಬಂದು ಅವನನ್ನೂ ಇನ್ನು ಕೆಲವರನ್ನೂ ರೈಲು ಹತ್ತಿಸಿಕೊಂಡು ಉತ್ತರದ ಕಲ್ಲಿದ್ದಲ ಗಣಿಗೆ ಕರೆದುಕೊಂಡು ಹೋದ. ಆಗ ಮಕ್ಕಳಲ್ಲಿ ಕೊನೆಯವನಾದ ನಮ್ಮಪ್ಪ ಅಂಬೆಗಾಲಿಡುತ್ತಿದ್ದನಂತೆ. ಅವನು ನಡೆಯಲು ಕಲಿಯುವ ಹೊತ್ತಿಗೆ ತಂತಿ ಬಂತು. ಗಣಿಯಲ್ಲಿ ಅಪಘಾತ, ತೀರಿಕೊಂಡರು, ಅಷ್ಟೆ. ಹೇಗೆ ಎಂದು ಅದರಲ್ಲಿರಲಿಲ್ಲ. ಓದಿದ ಪೋಸ್ಟ್‌ಮ್ಯಾನ್‌ಗೆ ಗೊತ್ತಿರಲಿಲ್ಲ. ಅಜ್ಜಿ ಯಾರನ್ನೂ ಕೇಳಲಿಲ್ಲ. ಇದ್ದಿಲು ಎಂದರೆ ಏನೆಂದು ಅವಳಿಗೆ ಗೊತ್ತಿತ್ತಲ್ಲ! ಕಮ್ಮಾರನ ಕುಲುಮೆಯಲ್ಲಿ ನೋಡಿದ್ದಳು, ಇಸ್ತ್ರಿ ಪೆಟ್ಟಿಗೆಯಲ್ಲಿ ನೋಡಿದ್ದಳು. ನೆಲದೊಳಗೆ ಊರಗಲ ಇದ್ದಿಲು, ಅದರ ನಡುವೆ ಗಂಡ. ಮಿಕ್ಕಿದ್ದನ್ನು ಅವಳ ಮನಸ್ಸೇ ಹೊತ್ತಿಸಿಕೊಂಡಿತು. ತಾತ ಬೆಂದುಹೋದ. ಇದು ನಮ್ಮ ಮನೆಯಲ್ಲಿ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಷ್ಟು ಖಚಿತವಾದ ಸಂಗತಿಯಾಗಿತ್ತು. ಶಾಲೆಯಲ್ಲಿ ಮೇಷ್ಟ್ರು ಕೇಳಿದಾಗ ನಾನೇ ಎದ್ದು ನಿಂತು, “ನಮ್ ತಾತ ಬೆಂಕೀಲಿ ಹೋದ್ರು ಸಾ” ಎಂದು ಹೆಮ್ಮೆಯಿಂದ ಹೇಳಿದ್ದೆ. ಬೇರೆಯವರ ತಾತಂದಿರೆಲ್ಲ ಬರೀ ಕೆಮ್ಮಿ ಸತ್ತಿದ್ದರು.

ಹೆಣ ಬರಲಿಲ್ಲ. ಹೆಣವಿಲ್ಲದೆ ಗುಂಡಿಯಿಲ್ಲ, ಗುಂಡಿಯಿಲ್ಲದೆ ಹಾಲು-ತುಪ್ಪ ಬಿಡುವುದೆಲ್ಲಿ? ನಮ್ಮ ಕಡೆ ಮಣ್ಣು ಮಾಡಿದ ಜಾಗಕ್ಕೆ ಹೋಗಿ ಹಾಲು-ತುಪ್ಪ ಬಿಟ್ಟು ಸತ್ತವರನ್ನು ತಣ್ಣಗೆ ಮಾಡಿ ಬರುತ್ತೇವೆ. ಅದಿಲ್ಲದೆ ಹೋದವರು ಅಲೆಯುತ್ತಾರಂತೆ. ಅಜ್ಜಿ ತಾತನ ಬಂಡೆಯಿಂದ ಒಂದು ಚಪ್ಪಡಿ ಕಲ್ಲು ತರಿಸಿ, ಹಿತ್ತಲಲ್ಲಿ ತೆಂಗಿನ ಬುಡಕ್ಕೆ ಮಾಡುವ ಹಾಗೆ ಪಾತಿ ಮಾಡಿ, ಅದರೊಳಗೆ ಕಲ್ಲು ಮಲಗಿಸಿದಳು. ಪ್ರತಿ ಪಿತೃಪಕ್ಷದ ಅಮಾವಾಸ್ಯೆಗೆ ಮಿಕ್ಕ ಹಿರಿಯರಿಗೆಲ್ಲ ಒಳಗೆ ಎಡೆ: ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ, ಮುತ್ತಾತನಿಗೆ ಬೀಡಿ, ಇನ್ನೊಬ್ಬ ಮಹನೀಯರಿಗೆ ಕ್ವಾರ್ಟರ್ ಬಾಟ್ಲಿ. ತಾತನಿಗೆ ಮಾತ್ರ ಹಿತ್ತಲಲ್ಲಿ ನೀರು. ಹಾಲು-ತುಪ್ಪ ಸಾಲದು ಎಂದು ಅವಳ ಲೆಕ್ಕ. ಅಷ್ಟು ಬೆಂದವನಿಗೆ ಒಂದು ಲೋಟ ಹಾಲು ಯಾವ ಮೂಲೆಗೆ? ಕೊಡಗಟ್ಟಲೆ ಹುಯ್ಯುತ್ತಿದ್ದಳು. ಕೊಳವೆಬಾವಿ ಬತ್ತಿ ಟ್ಯಾಂಕರ್ ನೀರಿಗೆ ಓಣಿಯೆಲ್ಲ ಕಿತ್ತಾಡುತ್ತಿದ್ದ ವರ್ಷ, ಸ್ನಾನ ಬಿಟ್ಟು ತನ್ನ ಪಾಲಿನ ನೀರನ್ನು ಎತ್ತಿಟ್ಟು ಅವನ ಕಲ್ಲಿಗೆ ಹುಯ್ದಳು. ಅವಳ ಹತ್ತಿರ ಕೂರಲಾಗದೆ ನಾವೆಲ್ಲ ಮೂಗು ಮುಚ್ಚಿಕೊಂಡು ಅಣಕಿಸಿದೆವು. ಮುಂದಾಳು ಯಾರೆಂದು ಹೇಳಬೇಕಿಲ್ಲ.

ನನ್ನ ಬಗ್ಗೆಯೂ ಒಸಿ ಹೇಳಿಬಿಡುತ್ತೇನೆ. ವಿಸಿಟಿಂಗ್ ಕಾರ್ಡಿನಲ್ಲಿ ‘ಧ್ವನಿ ಅನುಕರಣೆ ಕಲಾವಿದ’ ಎಂದಿದೆ. ಅಪ್ಪ ಕೇಳಿದವರಿಗೆ “ಅಣಕಿಸ್ಕಂಡ್ ತಿಂತಾನೆ” ಎನ್ನುತ್ತಾನೆ. ಕನಕಪುರ ರಸ್ತೆಯ ಬಸ್ ಕಂಡಕ್ಟರ್, ರೇಷ್ಮೆ ಮಾರುಕಟ್ಟೆಯ ಹರಾಜು ಕೂಗುವವನು, ವೋಲ್ಟೇಜ್ ಸಾಲದೆ ನರಳುವ ಪಂಪ್‌ಸೆಟ್, ವಿಷಲ್ ಹೊಡೆಯಲೋ ಬೇಡವೋ ಎಂದು ಯೋಚಿಸುವ ಕುಕ್ಕರ್, ಎಲ್ಲ ನನ್ನ ಗಂಟಲಲ್ಲೇ ಸಂಸಾರ ಮಾಡಿಕೊಂಡಿವೆ. ನನ್ನದೇ ದನಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಕಷ್ಟದ ಮಾತು ಬಂದ ಕೂಡಲೇ ಬೇರೆ ಯಾರೋ ಮಾತಾಡಲು ಶುರು ಮಾಡುತ್ತಾರೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಪಾಸಾದ ಸುದ್ದಿಯನ್ನು ಅಪ್ಪನಿಗೆ ಹೆಡ್‌ಮಾಸ್ಟರ ದನಿಯಲ್ಲಿ ಹೇಳಿದ್ದೆ. ಏಟು ಮಾತ್ರ ಹೆಡ್‌ಮಾಸ್ಟರಿಗೆ ಬೀಳಲಿಲ್ಲ.

ಕೋಟು ತೂತಾದ ದಿನ ಅಜ್ಜಿ ವಾಸನೆ ಹಿಡಿದೇ ಬಿಟ್ಟಳು. ಬೈಗುಳದಿಂದ ತಪ್ಪಿಸಿಕೊಳ್ಳಲು ತೀರಿಕೊಂಡ ಅವಳ ಅಕ್ಕನ ದನಿಯಲ್ಲಿ, “ಏ, ಹೋಗ್ಲಿ ಬುಡಮ್ಮಿ, ಮಗ ಏನೋ ಮಾಡ್ಕಂಡದೆ” ಎಂದೆ. ಅಜ್ಜಿ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು. ಆಮೇಲೆ, “ಸತ್ತೋರ್ ದನೀನೆಲ್ಲ ತರ್ತೀಯಲ್ಲ ಮಗಾ, ನಿಮ್ ತಾತಂದು ಒಸಿ ಕೇಳ್ಸು” ಎಂದಳು.

“ನಾನು ಅವ್ರನ್ನ ಕಂಡೋನಾ ಅಜ್ಜಿ? ಹೆಂಗ್ ಮಾತಾಡೋರು ಹೇಳು, ಮಾಡ್ತೀನಿ.”

ಅಜ್ಜಿ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. “ಮೊಕ ಐತೆ ಕಣ್ಲಾ. ಕೈ ಐತೆ. ದನಿ ಹೊಂಟೋಗ್ಬುಟ್ಟದೆ” ಎಂದಳು. ಅವಳಿಗೂ ಅದು ಆಗಲೇ ಗೊತ್ತಾಗಿದ್ದು. ಕಳೆದುಹೋದದ್ದನ್ನು ಹುಡುಕಲು ಹೋಗಿ ಖಾಲಿ ಪೆಟ್ಟಿಗೆ ತೆರೆದವಳ ಹಾಗೆ ನನ್ನನ್ನೇ ನೋಡಿದಳು.

ನನಗೆ ಚರಿತ್ರೆಯ ಹುಚ್ಚೇನೂ ಇಲ್ಲ. ಅಂಗಡಿಯಲ್ಲಿ ಗಿರಾಕಿ ಕೇಳಿದ ಮಾಲು ಇಲ್ಲ ಎಂದಾಗ ಆಗುವ ಅವಮಾನವೇ ನನ್ನನ್ನು ಎಬ್ಬಿಸಿದ್ದು. ಮೊದಲು ಮೊಬೈಲಿನಲ್ಲಿ ಹುಡುಕಿದೆ. ಕಲ್ಲಿದ್ದಲ ಗಣಿ ದುರಂತ ಎಂದು ಒತ್ತಿದರೆ ಒಂದರ ಹಿಂದೊಂದು ಬಂದವು. ಕುಸಿದದ್ದು, ಸಿಡಿದದ್ದು, ಮುಚ್ಚಿಕೊಂಡದ್ದು. ಎಲ್ಲದರಲ್ಲೂ ಗೇಟಿನ ಹೊರಗೆ ಸೆರಗು ಬಾಯಿಗಿಟ್ಟುಕೊಂಡು ನಿಂತ ಹೆಂಗಸರು. ಇದರಲ್ಲಿ ನಮ್ಮದು ಯಾವುದು? ಅಜ್ಜಿಗೆ ಗಣಿಯ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ‘ಮೇಲ್ಗಡೆ’ ಎಂದಷ್ಟೇ ಗೊತ್ತು. ಇಷ್ಟೊಂದು ಸಾವು ಬೆರಳ ತುದಿಯಲ್ಲಿ ಸರಿದುಹೋಗುತ್ತಿದ್ದರೂ ನಮ್ಮ ಮನೆಯ ಒಂದು ಸಾವು ಸಿಗಲಿಲ್ಲ. ಮೊಬೈಲ್ ಕೆಳಗಿಟ್ಟೆ.

“ಕನಕಪುರದ ಬಂಡೆ ಚಿಕ್ಕಣ್ಣ ಅಂತಿದ್ದ, ನಿಮ್ ತಾತನ್ ಜೊತೇಲೇ ಹೋಗಿದ್ದ,” ಎಂದಳು ಅಜ್ಜಿ. “ಅವನಂಥ ಸುಳ್ಳ ಈ ಸೀಮೇಲಿಲ್ಲ. ನಮ್ ಮದ್ವೇಲಿ ಮಾತ್‌ಮಾತ್ಗೂ ‘ಕಣವ್ವಾ’ ಅಂತ ಹುಲಿ ಹಿಡ್ದ ಕತೆ ಹೇಳ್ತಾ ಹೇಳ್ತಾ ಬಾಡೂಟ ಎಲ್ಲಾ ಒಬ್ನೇ ಉಂಡ. ಅವರು ತೀರ್ಕಂಡ್ಮೇಲೆ ಒಂದ್ ದಪ ಇಲ್ಲಿಗೂ ಬಂದಿದ್ದ. ಹಿತ್ಲಲ್ಲಿ ನಿಂತ್ಕಂಡು ಮಜ್ಗೆ ಕುಡ್ದು ಎದ್ದೋದ. ಒಂದ್ ಮಾತ್ ಆಡ್ನಿಲ್ಲ. ಬದುಕವ್ನೋ ಏನೋ.”

ನಮ್ಮ ತಂಡದ ಕೀಬೋರ್ಡ್‌ನವನು ಇಮ್ರಾನ್. ಚನ್ನಪಟ್ಟಣದಲ್ಲಿ ಅವರ ಮನೆಯವರು ಬೊಂಬೆ ಕಡೆಯುತ್ತಾರೆ. ಬೈಕು ಅವನದು, ಪೆಟ್ರೋಲು ನನ್ನದು. “ನಿಮ್ಮಜ್ಜಿ ಹೇಳೋ ಚಿಕ್ಕಣ್ಣ ಸಿಕ್ಕಿಲ್ಲ ಅಂದ್ರೆ ನಮ್ಮಪ್ಪಂಗೆ ಹೇಳಿ ಮರದಲ್ಲಿ ಒಂದು ಕಡ್ಸಿ ಕೊಡ್ತೀನಿ ಬಾರ್ಲಾ” ಎಂದು ಹೊರಡಿಸಿದ. ಕನಕಪುರದಲ್ಲಿ ಸಿಕ್ಕ ಮೊದಲ ಚಿಕ್ಕಣ್ಣ ಎಳನೀರು ಮಾರುವವನು, ನನಗಿಂತ ಚಿಕ್ಕವನು. ಎರಡನೆಯವನ ಮನೆಗೆ ಹೋದರೆ ಅಲ್ಲಿ ಅವನದೇ ತಿಥಿ. ಬಂದವರನ್ನು ಉಣ್ಣಿಸದೆ ಕಳಿಸುವುದುಂಟೇ? ಗುರುತಿಲ್ಲದ ಚಿಕ್ಕಣ್ಣನ ಹೆಸರಲ್ಲಿ ಇಬ್ಬರೂ ಪಾಯಸ ಉಂಡೆವು. “ನಿಮ್ ತಾತನ್ನ ಹುಡ್ಕಾದು ಚೆನ್ನಾಗೈತೆ ಕಣ್ಲಾ, ದಿನಾ ಬರಾಣ” ಎಂದ ಇಮ್ರಾನ್.

ನಿಜವಾದ ಚಿಕ್ಕಣ್ಣ ಊರಾಚೆ, ಬಂಡೆ ಕಡೆ ಹೋಗುವ ದಾರಿಯ ಮನೆಯ ಜಗಲಿಯಲ್ಲಿದ್ದ. ಕಲ್ಲುಪುಡಿ, ಇದ್ದಿಲಪುಡಿ ಎರಡನ್ನೂ ಕುಡಿದ ಎದೆ. ಪ್ರತಿ ಮಾತಿನ ಮುಂಚೆ ಒಳಗೆ ಒಂದು ಸಣ್ಣ ಸೀಟಿ. ಪ್ರತಿ ಮಾತಿನ ಕೊನೆಗೆ, ಎದುರಿಗಿರುವುದು ಗಂಡೋ ಹೆಣ್ಣೋ ಎಂದು ನೋಡದೆ, ‘ಕಣವ್ವಾ’.

“ಬೈರಾಪಟ್ಟಣದ ಪುಟ್ಟಸ್ವಾಮಿ ಮೊಮ್ಮಗ” ಎಂದೆ.

ಮುದುಕ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಹುಲಿ ಹಿಡಿದವನ ಕಳೆ ಏನೂ ಉಳಿದಿರಲಿಲ್ಲ.

“ನಮ್ ತಾತ ಬೆಂಕೀಲಿ ಹೋದಾಗ ನೀವೂ ಅಲ್ಲೇ ಇದ್ರಂತೆ.”

“ಸ್‌ಸೀ... ಬೆಂಕಿ? ಯಾವ್ ಬೆಂಕಿ ಕಣವ್ವಾ?” ನನ್ನನ್ನೂ ಇಮ್ರಾನನನ್ನೂ ನೋಡಿದ. “ನೀರು. ನೀರು ನುಗ್ಬುಡ್ತು ಕಣವ್ವಾ.”

ಪಕ್ಕದಲ್ಲಿ ಒಂದು ಹಳೆಯ ಗಣಿ ಇತ್ತಂತೆ, ಅಗೆದು ಬಿಟ್ಟದ್ದು. ಅದರಲ್ಲಿ ಎಷ್ಟೋ ವರ್ಷಗಳ ನೀರು ನಿಂತಿತ್ತಂತೆ. ಕೆಳಗಿನವರಿಗೆ ಗೋಡೆಯಾಚೆ ಅದು ಇದೆ ಎಂದು ಗೊತ್ತಿರಲಿಲ್ಲ. ಒಂದು ದಿನ ಗೋಡೆ ಹೋಯಿತು. ಚಿಕ್ಕಣ್ಣ ರಾತ್ರಿಪಾಳಿ ಮುಗಿಸಿ ಮೇಲೆ ಮಲಗಿದ್ದ. ಎದ್ದಾಗ ಗಣಿಯ ಬಾಯಿಯ ಹತ್ತಿರ ಜನವೋ ಜನ. ಒಳಗಿಂದ ಗಾಳಿ ಮಾತ್ರ ಬುಸುಗುಟ್ಟಿಕೊಂಡು ಬರುತ್ತಿತ್ತಂತೆ, ಕೆಳಗೆ ನೀರು ಏರುತ್ತಾ ಏರುತ್ತಾ ಅದನ್ನು ಹೊರಗೆ ತಳ್ಳುತ್ತಿತ್ತು. ಆಮೇಲೆ ಅದೂ ನಿಂತಿತು. ಪಂಪು ಹಚ್ಚಿ ನೀರು ಇಳಿಸುವ ಹೊತ್ತಿಗೆ ಯಾರು ಯಾರೆಂದು ಹೇಳಲು ಏನೂ ಉಳಿದಿರಲಿಲ್ಲ.

“ಬೆಂಕಿಯಾಗಿದ್ರೆ ಬೂದಿಯಾದ್ರೂ ಕಟ್ಕಂಡ್ ಬತ್ತಿದ್ದೆ ಕಣವ್ವಾ.”

ಅವನು ಬೈರಾಪಟ್ಟಣಕ್ಕೆ ಬಂದದ್ದೂ ಇದನ್ನು ಹೇಳಲಿಕ್ಕೇ. ಬಂದ ದಿನ ಅಮಾವಾಸ್ಯೆ. ಅಜ್ಜಿ ಹಿತ್ತಲಲ್ಲಿ ಕಲ್ಲಿಗೆ ಕೊಡದಲ್ಲಿ ನೀರು ಹುಯ್ಯುತ್ತಾ, ‘ತಣ್ಣಗಾಗ್ಲಿ, ತಣ್ಣಗಾಗ್ಲಿ’ ಎನ್ನುತ್ತಿದ್ದಳಂತೆ. “ನನ್ ಬಾಯಿ ಬಿದ್ದೋಯ್ತು. ಮಜ್ಗೆ ಕೊಟ್ಲು. ಕುಡ್ದು ಎದ್ದು ಬಂದ್ಬುಟ್ಟೆ ಕಣವ್ವಾ.”

ಕೊನೆಗೆ ನಾನು ಬಂದ ಕೆಲಸ ಕೇಳಿದೆ. “ನಮ್ ತಾತನ ದನಿ ಹೆಂಗಿತ್ತು?”

ಮುದುಕ ಯೋಚಿಸಿದ. ಸೀಟಿ ಬಂತು, ಹೋಯಿತು. “ಎಲ್ಲಾರಂಗೇ ಇತ್ತು ಕಣವ್ವಾ.”

ಅನುಕರಣೆ ಮಾಡುವವನಿಗೆ ಇದಕ್ಕಿಂತ ಕೆಟ್ಟ ಉತ್ತರವಿಲ್ಲ. ನಮಗೆ ಏನಾದರೂ ಒಂದು ಕೊಂಕು ಬೇಕು: ತೊದಲು, ಗೊಗ್ಗರು, ಮೂಗು. ಎಲ್ಲರಂತೆ ಮಾತಾಡಿ, ಎಲ್ಲರಂತೆ ಉಂಡು, ಎಲ್ಲರ ಜೊತೆ ಮುಳುಗಿದವನನ್ನು ಎಲ್ಲಿಂದ ಹಿಡಿಯುವುದು? ಇನ್ನೂ ನಾಚಿಕೆಗೇಡಿನ ಸಂಗತಿ ಹೇಳುತ್ತೇನೆ. ಆ ಮುದುಕ ನನ್ನ ತಾತನ ಸಾವು ಹೇಳುತ್ತಿದ್ದಷ್ಟು ಹೊತ್ತೂ ನನ್ನ ನಾಲಿಗೆ ಬಾಯೊಳಗೆ ಅವನ ಸೀಟಿಯನ್ನು ಕಲಿಯುತ್ತಿತ್ತು. ನಾನು ಕಲಿಸಲಿಲ್ಲ, ಅದೇ ಕಲಿಯಿತು. ಬೈಕು ಹತ್ತುವ ಹೊತ್ತಿಗೆ ಪೂರ್ತಿ ಬಂದುಬಿಟ್ಟಿತ್ತು.

ಇಮ್ರಾನ್ ನನ್ನನ್ನು ಮನೆ ಹತ್ತಿರ ಇಳಿಸಿ, “ಅಜ್ಜಿಗೆ ಹೇಳ್ಬೇಡ ಕಣ್ಲಾ. ಹೇಳ್ದಿದ್ರೂ ಆಗಲ್ಲ” ಎಂದ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಹೊರಟುಹೋದ.

ಮೊದಲು ಅಪ್ಪನಿಗೆ ಹೇಳಿದೆ. ಅವನು ತೋಟದಲ್ಲಿ ಮೋಟರು ಹಾಕಿ ನೀರು ಕಟ್ಟುತ್ತಿದ್ದ. ಕೇಳಿ, ಹೋಗಿ ಮೋಟರು ಆಫ್ ಮಾಡಿದ. ಪೈಪಿನ ಬಾಯಲ್ಲಿ ಉಳಿದ ನೀರು ತೊಟ್ಟಿಕ್ಕಿ ನಿಲ್ಲುವ ತನಕ ಅದನ್ನೇ ನೋಡುತ್ತಾ ನಿಂತ. ಅಪ್ಪನನ್ನು ಪಂಚೆ ಎತ್ತಿ ಕಟ್ಟುವುದರಿಂದ ಹಿಡಿದು ಆಕಳಿಸುವುದರ ತನಕ ಅಣಕಿಸಿದ್ದೇನೆ. ಆ ನಿಲುವನ್ನು ಇವತ್ತಿಗೂ ಮಾಡಲಾರೆ.

“ಎಷ್ಟ್ ಕೊಡ ಹುಯ್ದವ್ಳಲ್ಲೋ ಅವ್ವ” ಎಂದ. ಆಮೇಲೆ, “ಪ್ರತಿ ವರ್ಷ ಹುಯ್ತಾಳೆ. ಇನ್ನೂ ಹುಯ್ತಾಳೆ. ಮುಳುಗ್ದೋನ್ ಮ್ಯಾಲೆ ನೀರು ಹುಯ್ತಾ ಇರೋದ್ನ ನಾನು ನೋಡ್ತಾ ನಿಂತ್ಕಳಕ್ಕಾಗಲ್ಲ. ಹೇಳ್ಬುಡು.”

“ನೀನೇ ಹೇಳಪ್ಪಾ.”

“ನಂಗೆ ಬಾಯ್ ಬರಲ್ಲ. ನಿಂಗ್ ಬತ್ತದಲ್ಲ, ಊರಿಗೆಲ್ಲಾ ಮಾತಾಡ್ತೀಯ.”

ಹೀಗೆ ಆ ಕೆಲಸ ನನ್ನ ತಲೆಗೆ ಬಿತ್ತು. ಇವತ್ತು ನಾಳೆ ಎನ್ನುತ್ತಾ ಅಮಾವಾಸ್ಯೆಯೇ ಬಂತು. ಒಳಗೆ ಎಡೆಗಳು ಸಾಲಾಗಿ ಕೂತಿದ್ದವು. ಹಿರಿಯರು ನಾಚಿಕೆಯಿಲ್ಲದೆ ಉಣ್ಣಲಿ ಎಂದು ಬಾಗಿಲು ಮುಂದೆಳೆದು ನಾವೆಲ್ಲ ಹೊರಗೆ ಬಂದೆವು. ಅತ್ತೆಯಂದಿರು, ಅವರ ಮಕ್ಕಳು, ಎಲ್ಲರೂ ಹಿತ್ತಲಲ್ಲಿ. ಅಜ್ಜಿಗೆ ಈ ವರ್ಷ ಕೊಡ ಎತ್ತಲು ಆಗಲಿಲ್ಲ. ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, “ಬಾರ್ಲಾ ಕೋತಿ, ಈ ಸಲ ನೀನ್ ಹುಯ್ಯಿ” ಎಂದು ನನ್ನನ್ನು ಕರೆದಳು.

ಅಪ್ಪ ನನ್ನನ್ನು ನೋಡಿದ. ನಾನು ಅಜ್ಜಿಯ ಎದುರು ಕೂತೆ. ಅವಳ ಕೈ ಹಿಡಿದುಕೊಂಡೆ. ನನ್ನ ದನಿಯಲ್ಲೇ ಹೇಳಬೇಕು, ಇದೊಂದನ್ನು ನನ್ನ ದನಿಯಲ್ಲೇ ಹೇಳಬೇಕು ಎಂದುಕೊಂಡೇ ಬಾಯಿ ತೆರೆದೆ.

“ಸ್‌ಸೀ... ಬೆಂಕಿಯಲ್ಲ ಕಣವ್ವಾ. ನೀರು. ನೀರು ನುಗ್ಬುಡ್ತು ಕಣವ್ವಾ.”

ಅಜ್ಜಿಯ ಕಣ್ಣು ಅಗಲವಾದವು. ಮರುಕ್ಷಣ ಅವಳು ಬೊಚ್ಚು ಬಾಯಿ ತೆರೆದು ನಕ್ಕಳು. ಅಮಾವಾಸ್ಯೆಯ ದಿನ ಆ ಕಲ್ಲಿನ ಹತ್ತಿರ ಅಜ್ಜಿ ನಕ್ಕದ್ದನ್ನು ನಾವ್ಯಾರೂ ಕಂಡಿರಲಿಲ್ಲ.

“ಅಯ್ಯೋ, ಆ ಚಿಕ್ಕಣ್ಣ! ಅವನೇ ಬಂದಂಗಾಯ್ತಲ್ರೇ! ಬದುಕವ್ನಾ ಮುಂಡೇಮಗ? ಇನ್ನೂ ಸುಳ್ ಹೇಳಾದ್ ಬುಟ್ಟಿಲ್ವಾ?” ಅತ್ತೆಯರ ಕಡೆ ತಿರುಗಿದಳು. “ಕೇಳುದ್ರಾ? ಇದ್ಲು ಗಣೀಲಿ ನೀರಂತೆ! ಅವತ್ತು ಹುಲಿ, ಇವತ್ತು ನೀರು!”

ಅತ್ತೆಯರು ನಕ್ಕರು. ಅವರ ಮಕ್ಕಳು ನಕ್ಕರು.

“ಅಜ್ಜಿ, ತಮಾಷೆಯಲ್ಲ, ನಿಜ” ಎಂದೆ. ಅದು ನನ್ನ ದನಿಯೇ. ಆದರೆ ಅದನ್ನು ಅಲ್ಲಿ ಯಾರೂ ಗುರುತು ಹಿಡಿಯಲಿಲ್ಲ. ಅದೂ ಒಂದು ವೇಷ ಎಂದುಕೊಂಡು ಇನ್ನಷ್ಟು ನಕ್ಕರು. ಅಪ್ಪ ಗೋಡೆ ಕಡೆ ಮುಖ ಮಾಡಿದ.

“ಇನ್ನೊಂದ್ ದಪ ಹೇಳ್ಲಾ,” ಅಜ್ಜಿ ಕಣ್ಣೀರು ಒರೆಸಿಕೊಳ್ಳುತ್ತಾ ನನ್ನ ತೋಳು ಅಲುಗಾಡಿಸಿದಳು. “ಆ ಸೀಟಿ ಸಮೇತ ಹೇಳು.”

ಎಷ್ಟೋ ವೇದಿಕೆಗಳಲ್ಲಿ ಒನ್ಸ್ ಮೋರ್‌ಗೆ ಬಾಯಿಬಿಟ್ಟವನು ನಾನು. ಹೇಳಿದೆ. ನೀರು ನುಗ್ಬುಡ್ತು ಕಣವ್ವಾ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಗು ಇಳಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ಕಲ್ಲಿನ ಮೇಲೆ ಅಂಗೈ ಇಟ್ಟು, ಜ್ವರ ನೋಡುವ ಹಾಗೆ ನೋಡಿದಳು. ಬಿಸಿಲಿಗೆ ಕಲ್ಲು ಕಾದಿತ್ತು.

“ನೋಡು, ಇನ್ನೂ ಹೆಂಗ್ ಸುಡ್ತದೆ” ಎಂದಳು. “ಹುಯ್ಯಿ ಮಗಾ. ತಲೆ ಕಡೆಯಿಂದ ಹುಯ್ಯಿ. ಪೂರ್ತಿ ಮುಳುಗೋಗಂಟ ಹುಯ್ಯಿ.”

ನಾನು ಕೊಡ ಎತ್ತಿ ಹುಯ್ದೆ. ಪಾತಿ ತುಂಬಿ ನೀರು ಕಲ್ಲಿನ ಅಂಚಿಗೆ ಬಂತು, ಅಂಚು ದಾಟಿ ಮೇಲೆ ಹರಿಯಿತು. ಅಜ್ಜಿ ಇನ್ನೂ ಹುಯ್ಯಿ ಎಂದಳು. ಹುಯ್ದೆ. ಕಲ್ಲು ಕಾಣದಂತಾಯಿತು. ಆಗ ಅವಳಿಗೆ ಸಮಾಧಾನವಾಯಿತು.